ಒಂದೇ ಪರಾತದಲ್ಲಿ ಎಲ್ಲರ ಕೈ

ರಜೆಯಲ್ಲಿ ಮಕ್ಕಳಿಗೆ ಗಲೀಜು ಮಾಡುವುದನ್ನು ಕಲಿಸಬೇಕಂತೆ. ನಮ್ಮ ಸುತ್ತಲಿನ ಕನ್ನಡ ತಾಯಂದಿರ ವಾಟ್ಸ್ಯಾಪ್ ಗುಂಪಿನಲ್ಲಿ ಆ ಬೇಸಿಗೆಯೆಲ್ಲ ಇದೇ ಮಾತು. ಮೆಸ್ಸಿ ಪ್ಲೇ ಅಂತ ಅದಕ್ಕೊಂದು ಹೆಸರು. ಅಂಟಂಟಾದದ್ದನ್ನು, ಲೋಳೆಯಾದದ್ದನ್ನು ಕೈಯಲ್ಲಿ ಹಿಸುಕಾಡಿದರೆ ಮಕ್ಕಳ ಮಿದುಳು ಬೆಳೆಯುತ್ತದೆ, ಮೊಬೈಲು ಮರೆತುಹೋಗುತ್ತದೆ ಅಂತ ಯಾರೋ ಕಳಿಸಿದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ನಾನು ಚಿಕ್ಕವಳಿದ್ದಾಗ ಅಮ್ಮ ಸಂಡಿಗೆಗೆ ಕಾಯಿಸಿಟ್ಟ ಹಿಟ್ಟಿಗೆ ಕೈ ಹಾಕಿ ಬೆನ್ನಿಗೆ ಗುದ್ದು ತಿಂದಿದ್ದೇನೆ. ಮಗಳ ಮಿದುಳು ಬೆಳೆಯುತ್ತಿದೆ ಅಂತ ಪಾಪ, ಆಕೆಗೆ ಯಾರೂ ಹೇಳಿರಲಿಲ್ಲ.

ನಾವಿರುವುದು ದೆಹಲಿಯ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನ ಎರಡನೇ ಮಹಡಿಯಲ್ಲಿ. ಗಂಡನಿಗೆ ಮಂತ್ರಾಲಯವೊಂದರಲ್ಲಿ ಗುಮಾಸ್ತಿಕೆ. ಸುತ್ತಮುತ್ತ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಹೊರಗೆ ಲೂ ಎನ್ನುವ ಬಿಸಿಗಾಳಿ ಬೀಸುವಾಗ ಮಕ್ಕಳನ್ನು ಪಾರ್ಕಿಗೆ ಬಿಡುವ ಹಾಗಿಲ್ಲ. ಬಿಟ್ಟರೆ ಸಾಯಂಕಾಲಕ್ಕೆ ಜ್ವರ. ಹಾಗಾಗಿ ತಾಯಂದಿರೇ ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದರು: ದಿನಕ್ಕೊಂದು ಮನೆ. ಯಾರ ಮನೆಯ ಸರದಿಯೋ ಅವರು ಮಕ್ಕಳನ್ನು ಕರೆಯಬೇಕು, ಏನಾದರೂ ಆಟ ಆಡಿಸಬೇಕು, ತಿಂಡಿ ಕೊಟ್ಟು ಕಳಿಸಬೇಕು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ. ಆದರೆ ಕರೆಯುವುದು ಎನ್ನುವ ಮಾತಿಗೆ ನಮ್ಮವರಲ್ಲಿ ಎಷ್ಟು ತೂಕವಿದೆ ಅಂತ ನಮ್ಮವರಿಗೇ ಗೊತ್ತು. ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ ಅಂತ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡಿದವರನ್ನು ನಾನು ನೋಡಿದ್ದೇನೆ.

ನನ್ನ ಮಗಳನ್ನು ಆ ರಜೆಯಲ್ಲಿ ಯಾರೂ ಕರೆದಿರಲಿಲ್ಲ.

ಅವಳಿಗೆ ಆಗ ಎಂಟು ವರ್ಷ. ಹಿಂದಿನ ದಸರೆಯ ಹೊತ್ತಿಗೆ ಅವಳ ಬಲಗೈ ಬೆರಳಿನ ಗೆಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಕಾಣಿಸಿಕೊಂಡಿತು. ಚಾಕ್‌ಪೀಸು ಅಂದುಕೊಂಡು ಟವೆಲಿನ ತುದಿ ಒದ್ದೆ ಮಾಡಿ ಉಜ್ಜಿದೆ. ಉಜ್ಜಿಯೇ ಉಜ್ಜಿದೆ. ಉರಿಯುತ್ತೆ ಅಂತ ಅವಳು ಕೈ ಎಳೆದುಕೊಂಡ ಮೇಲೆ ನಿಲ್ಲಿಸಿದೆ. ಚಳಿಗಾಲ ಮುಗಿಯುವುದರೊಳಗೆ ಎರಡೂ ಕೈಯ ಬೆರಳುಗಳಿಗೆ ಹಬ್ಬಿ, ಎಡ ಮಣಿಕಟ್ಟಿನ ಮೇಲೆ ಒಂದು ದೊಡ್ಡ ಮಚ್ಚೆಯಾಗಿ ಕೂತಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ಎರಡೂ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು. ಇದು ಚರ್ಮದ ಬಣ್ಣ ಹೋಗುವುದಷ್ಟೇ, ನೋವಿಲ್ಲ, ಯಾರಿಗೂ ಅಂಟುವುದಿಲ್ಲ, ಮುಲಾಮು ಹಚ್ಚಿ, ನೋಡೋಣ ಅಂದರು. ಆ ಮಾತನ್ನು ನಾನು ಎಲ್ಲರಿಗೂ ಹೇಳಿದೆ. ಯಾರಿಗೂ ಅಂಟಲ್ಲವಂತೆ, ಅಂಟಲ್ಲವಂತೆ ಅಂತ ಹೇಳಿ ಹೇಳಿ ನನ್ನ ಬಾಯಿ ಸವೆಯಿತು.

ತೊನ್ನು ಎನ್ನುವ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಬಳಸಲಿಲ್ಲ. ಅದಕ್ಕೇನು, ದೆಹಲಿಯ ಗೋಡೆಗಳಿವೆಯಲ್ಲ. ರೈಲು ಹಳಿಯ ಪಕ್ಕದ ಗೋಡೆಗಳ ಮೇಲೆಲ್ಲ ದಪ್ಪ ಹಿಂದಿ ಅಕ್ಷರದಲ್ಲಿ 'ಸಫೇದ್ ದಾಗ್' ಅಂತ ಬರೆದಿರುತ್ತಾರೆ. ಬಿಳಿ ಮಚ್ಚೆಗೆ ಗ್ಯಾರಂಟಿ ಇಲಾಜು, ಕೆಳಗೆ ಯಾವನೋ ಹಕೀಮನ ಫೋನ್ ನಂಬರು. ಊರಿಗೆ ಹೋಗುವಾಗ ಕಿಟಕಿ ಪಕ್ಕ ಕೂತ ಮಗಳು ಅಕ್ಷರ ಕೂಡಿಸಿ ಕೂಡಿಸಿ ಅದನ್ನು ಗಟ್ಟಿಯಾಗಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ಯೇ ಮೇರಾ ವಾಲಾ ಹೈ?" ಅಂತ ಕೇಳಿದಳು. ನನ್ನದೇನಾ ಇದು ಅಂತ. ಎದುರು ಸೀಟಿನಲ್ಲಿ ಪೂರಿ ತಿನ್ನುತ್ತಿದ್ದ ಹೆಂಗಸು ತಿನ್ನುವುದನ್ನು ನಿಲ್ಲಿಸಿ ಅವಳ ಕೈ ನೋಡಿದಳು, ಡಬ್ಬಿ ಮುಚ್ಚಿದಳು.

ಬೇರೆಯವರ ಮಾತು ಬಿಡಿ, ಅವರು ದಾರಿಯಲ್ಲಿ ಹೋಗುವವರು. ನನ್ನ ಹೊಟ್ಟೆ ಉರಿಸಿದವಳು ಎದುರು ಬ್ಲಾಕಿನ ಅಂಡರ್ ಸೆಕ್ರೆಟರಿಯ ಹೆಂಡತಿ. ಗಂಡನ ಹುದ್ದೆಯನ್ನು ಸೆರಗಿನ ಹಾಗೆ ಹೊದ್ದುಕೊಂಡು ಓಡಾಡುವವಳು. ಅವಳ ಮಗಳೂ ನನ್ನ ಮಗಳೂ ಒಂದೇ ಕ್ಲಾಸು, ಒಂದೇ ವ್ಯಾನು. ಒಂದು ಕಾಲಕ್ಕೆ ಎರಡೂ ಒಂದೇ ತಟ್ಟೆಯಲ್ಲಿ ಮೊಸರನ್ನ ತಿಂದು, ಒಂದೇ ಚಾಪೆಯಲ್ಲಿ ಮಲಗುತ್ತಿದ್ದವು. ಮಚ್ಚೆ ಮಣಿಕಟ್ಟಿಗೆ ಬಂದ ಮೇಲೆ ಆ ಹುಡುಗಿ ವ್ಯಾನಿನಲ್ಲಿ ಜಾಗ ಬದಲಾಯಿಸಿಕೊಂಡಳು. ನಾನು ಕೇಳಿಯೇಬಿಟ್ಟೆ. "ಛೆ ಛೆ, ನಾವು ಹಾಗೆಲ್ಲ ಯೋಚನೆ ಮಾಡೋರಲ್ಲಪ್ಪ. ಮಕ್ಕಳು, ಅವರದೇ ಮೂಡು" ಅಂದಳು. ಅವಳ ಮನೆಯ ಸರದಿ ಬಂದ ದಿನ ನಮಗೆ ಕರೆ ಬರಲಿಲ್ಲ. ಮಾರನೆಯ ದಿನ ತರಕಾರಿ ಭಯ್ಯಾನ ಗಾಡಿಯ ಹತ್ತಿರ ಸಿಕ್ಕಾಗ, ಸೋರೆಕಾಯಿ ಉಗುರಲ್ಲಿ ಚುಚ್ಚಿ ನೋಡುತ್ತಾ ಹೇಳಿದಳು: "ಬೇಜಾರು ಮಾಡ್ಕೋಬೇಡಿ, ಮಕ್ಕಳು ಜಾಸ್ತಿ ಆಗ್ಬಿಟ್ವು ನೋಡಿ. ಇನ್ನೊಂದಿನ ಕರೀತೀನಿ."

ಅವಳು ಕರೆಯದಿದ್ದ ಮೇಲೆ ಉಳಿದವರೂ ಕರೆಯಲಿಲ್ಲ. ಪಕ್ಕದ ಮುನಿರ್ಕಾದಲ್ಲಿ ದೋಸೆ ಹೋಟೆಲು ಇಟ್ಟಿರುವ ಕರಾವಳಿಯವರ ಸೊಸೆ ಮಾತ್ರ ಒಂದು ಸಲ ಬಾಯಿಬಿಟ್ಟು ಹೇಳಿದಳು. "ನನಗೆಂತ ಇಲ್ಲ ಮಾರಾಯ್ರೆ. ಆದ್ರೆ ಅವರೆಲ್ಲ ಬರುದಿಲ್ಲ ಅಂದ್ರೆ ನನ್ನ ಮಕ್ಕಳಿಗೆ ಯಾರೂ ಇರುದಿಲ್ಲ ಅಲ್ವಾ?" ಅಷ್ಟಾದರೂ ನಿಜ ಹೇಳಿದಳು ಅಂತ ಅವಳ ಮೇಲೆ ನನಗೆ ಸ್ವಲ್ಪ ಮರ್ಯಾದೆ.

ಮಗಳು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದಳು. ಮಕ್ಕಳು ನೀರಿನ ಬಾಟಲಿ ಹಿಡಿದು ಯಾವ ಬ್ಲಾಕಿಗೆ ಹೋಗುತ್ತಾರೆ ಅಂತ ನೋಡುತ್ತಿದ್ದಳು. ಅಳುತ್ತಿರಲಿಲ್ಲ. "ಅಮ್ಮ, ಮೇರೀ ಬಾರಿ ಕಬ್ ಆಯೇಗಿ?" ಅಂತ ಕೇಳುತ್ತಿದ್ದಳು. ನನ್ನ ಸರದಿ ಯಾವಾಗ ಅಂತ. ನಾಳೆ ಬರುತ್ತೆ ಅನ್ನುತ್ತಿದ್ದೆ. ಗಂಡನಿಗೆ ಹೇಳಿದರೆ, "ಹೋಗ್ಲಿ ಬಿಡು. ಅವರ ಮನೆಗೆ ಹೋಗ್ದಿದ್ರೆ ಪ್ರಪಂಚ ಏನ್ ಮುಳುಗೋಗಲ್ಲ" ಅಂದ. ಅವನ ಪ್ರಪಂಚ ಆಫೀಸಿನ ಕ್ಯಾಂಟೀನು. ಅದು ಮುಳುಗುವುದಿಲ್ಲ ನಿಜ.

ನನಗೆ ರೋಷ ಬಂತು. ಕರೆಯದೆ ಇರುವುದು ಸುಲಭ, ಆದರೆ ಕರೆದಾಗ ಬರದೆ ಇರುವುದು ನಮ್ಮವರಲ್ಲಿ ಕಷ್ಟ. ಅವರೆಲ್ಲರನ್ನೂ ನನ್ನ ಮನೆಗೇ ಕರೆಯಬೇಕು. ಬಂದು ನನ್ನ ಮಗಳ ಜೊತೆ ಕೈಗೆ ಕೈ ತಾಗಿಸಿ ಆಡಿ ಹೋದ ಮೇಲೆ, ಮಾರನೆಯ ದಿನ ಅವಳನ್ನು ಕರೆಯದೆ ಹೇಗೆ ಬಿಡುತ್ತಾರೋ ನೋಡಿಯೇಬಿಡೋಣ ಅಂದುಕೊಂಡೆ. ಕೈ ಬೆರೆಯದ ಆಟವಾದರೆ ಪ್ರಯೋಜನವಿಲ್ಲ. ಕೇರಂ ಆಡಿಸಿದರೆ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. ಸ್ಲೈಮ್, ಎಂದರೆ ಹಿಸುಕಾಡುವ ಲೋಳೆಮುದ್ದೆ, ಮಾಡಿಸುತ್ತೇನೆ ಅಂತ ಗುಂಪಿನಲ್ಲಿ ಹಾಕಿದೆ.

ಆಮೇಲೆ ಒಂದೊಂದೇ ಷರತ್ತು ಬರತೊಡಗಿತು. ಗೋಂದು ಬೇಡ, ಅದರಲ್ಲಿ ಕೆಮಿಕಲ್. ಬಿಳಿಗಾರ ಬೇಡ, ಚರ್ಮ ಸುಡುತ್ತೆ. ಬಣ್ಣ ಬೇಡವೇ ಬೇಡ, 'ನಮ್ಮ ಮಕ್ಕಳ ಸ್ಕಿನ್ ತುಂಬಾ ಸೆನ್ಸಿಟಿವ್' ಅಂತ ಅಂಡರ್ ಸೆಕ್ರೆಟರಿಯ ಹೆಂಡತಿ ಬರೆದು ಕೈಮುಗಿಯುವ ಚಿತ್ರ ಹಾಕಿದಳು. ಸ್ಕಿನ್ ಎನ್ನುವ ಶಬ್ದವನ್ನು ಅವಳು ಸುಮ್ಮನೆ ಬರೆಯಲಿಲ್ಲ, ನನಗೆ ಗೊತ್ತು. ಎಲ್ಲಾ ಅಡುಗೆಮನೆಯ ಸಾಮಾನೇ ಹಾಕುತ್ತೇನೆ, ಬಾಯಿಗೆ ಹೋದರೂ ತೊಂದರೆಯಿಲ್ಲ ಅಂತ ಬರೆದೆ. ಕೊನೆಗೆ ಅವಳದೇ ಇನ್ನೊಂದು ಬಂತು: 'ಹೈಜೀನ್ ದೃಷ್ಟಿಯಿಂದ ಒಬ್ಬೊಬ್ಬರಿಗೆ ಒಂದೊಂದು ಬೋಲ್ ಇಟ್ಟರೆ ಒಳ್ಳೆಯದಲ್ವಾ?' ನಮ್ಮನೆಯಲ್ಲಿ ಅಷ್ಟು ಬೋಲಿಲ್ಲ ಅಂದೆ. ಮದುವೆ, ಮುಂಜಿ, ನಾಮಕರಣಗಳಲ್ಲಿ ಬಂದ ಸ್ಟೀಲ್ ಬಟ್ಟಲು ಅಟ್ಟದ ಮೇಲೆ ಗೋಣಿಚೀಲದಲ್ಲಿ ಕೊಳೆಯುತ್ತಿದ್ದವು. ಅವು ಅಲ್ಲೇ ಇರಲಿ.

ಕಿರಾಣಿ ಅಂಗಡಿಯ ಭಯ್ಯಾ ಸಬ್ಬಕ್ಕಿ ತೂಗುತ್ತಾ, ಈಗ ಯಾವ ವ್ರತ ಬಂತು ಅಂತ ಹಿಂದಿಯಲ್ಲಿ ಕೇಳಿದ. ಇಲ್ಲಿಯವರಿಗೆ ಸಬ್ಬಕ್ಕಿ ಎಂದರೆ ಉಪವಾಸ. ಮಕ್ಕಳ ವ್ರತ ಅಂದೆ.

ಬೆಳಿಗ್ಗೆಯೇ ಸಬ್ಬಕ್ಕಿ ನೆನೆಹಾಕಿದೆ. ಸಂಡಿಗೆಗೆ ಕಾಯಿಸುವ ಹಾಗೆಯೇ ದೊಡ್ಡ ಪಾತ್ರೆಯಲ್ಲಿ ನೀರು ಮರಳಿಸಿ ಅದನ್ನು ಸುರಿದು, ತಳ ಹಿಡಿಯದಂತೆ ತಿರುವುತ್ತಾ ನಿಂತೆ. ಕಾಳು ಕರಗಿ ಗಾಜಿನ ಹಾಗೆ ಹೊಳೆಯತೊಡಗಿದಾಗ ನೀರಲ್ಲಿ ಕದಡಿದ ಕಾರ್ನ್‌ಫ್ಲೋರ್ ಹಾಕಿದೆ. ಅದನ್ನು ಹಾಕಿದರೆ, ಎಳೆದಾಗ ಎಳೆಯಾಗಿ ಬರುತ್ತದೆ, ಪಟ್ಟನೆ ತುಂಡಾಗುವುದಿಲ್ಲ. ಕೈಗೆ ಹತ್ತದಿರಲಿ ಅಂತ ಒಂದು ಸೌಟು ಎಣ್ಣೆ. ದೆಹಲಿಯ ಜೂನ್ ತಿಂಗಳಲ್ಲಿ ಒಲೆಯ ಮುಂದೆ ಅಷ್ಟು ಹೊತ್ತು ನಿಂತು ನೋಡಿ, ಆಗ ಮೆಸ್ಸಿ ಪ್ಲೇ ಎಂದರೇನು ಅಂತ ಗೊತ್ತಾಗುತ್ತದೆ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಮಗಳು ಸ್ಟೂಲಿನ ಮೇಲೆ ನಿಂತು ಸೌಟಿಗೆ ಕೈ ಜೋಡಿಸುತ್ತೇನೆ ಅಂತ ಹಟ ಹಿಡಿದಿದ್ದಳು.

ಬೆಳ್ಳಗೆ ಇದ್ದರೆ ಮಕ್ಕಳಿಗೆ ಹಿಡಿಸುವುದಿಲ್ಲ, ಅಂಗಡಿಯ ಬಣ್ಣ ಹಾಕುವ ಹಾಗಿಲ್ಲ. ಅದಕ್ಕೆ ಊರಿನಿಂದ ತಂದ ಅರಿಶಿನ ಹಾಕಿದೆ. ಕೊಂಬು ಕುಟ್ಟಿಸಿದ್ದು, ಅಂಗಡಿಯ ಪೊಟ್ಟಣದ್ದರ ಹಾಗಲ್ಲ, ಒಂದು ಚಮಚ ಹಾಕುತ್ತಲೇ ಪಾತ್ರೆಯೆಲ್ಲ ಚೆಂಡುಹೂವಿನ ಬಣ್ಣವಾಯಿತು. ಅರಿಶಿನಕ್ಕೆ ಯಾರು ಏನೆನ್ನುತ್ತಾರೆ? ಮಕ್ಕಳಿಗೆ ಗಾಯವಾದರೆ ಅದನ್ನೇ ಮೆತ್ತುತ್ತೇವೆ. ಪರಾತಕ್ಕೆ, ಎಂದರೆ ಹಿಟ್ಟು ಕಲಸುವ ದೊಡ್ಡ ಸ್ಟೀಲ್ ತಟ್ಟೆಗೆ, ಸುರಿದು ಆರಲು ಇಟ್ಟೆ. ಆರಿದ ಮೇಲೆ ಮೊದಲು ಕೈ ಹಾಕಿದವಳು ಮಗಳೇ. ಮೊಣಕೈವರೆಗೂ ಬಳಿದುಕೊಂಡು, ಹಿಂಡಿ, ಎತ್ತಿ, ಇಳಿಬಿಟ್ಟಳು. ನಕ್ಕಳು. ಆಮೇಲೆ ಕೈ ತೊಳೆಯುವುದಕ್ಕೆ ಹೋದವಳು ನಲ್ಲಿ ತಿರುಗಿಸದೆ ನಿಂತುಬಿಟ್ಟಳು. "ಅಮ್ಮ, ದಿಖ್ ಹೀ ನಹೀ ರಹಾ" ಅಂದಳು. ಕಾಣಿಸುತ್ತಲೇ ಇಲ್ಲ ಅಂತ. ನೋಡಿದರೆ ಮಚ್ಚೆಯೂ ಹಳದಿ, ಉಳಿದ ಚರ್ಮವೂ ಹಳದಿ. ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಹುಡುಕಿ ನೋಡಬೇಕು.

ನಾನು ಇನ್ನೂ ಎರಡು ದೊಡ್ಡ ಚಮಚ ಅರಿಶಿನ ಹಾಕಿ ಕಲಸಿದೆ.

ನಾಲ್ಕು ಗಂಟೆಗೆ ಬಂದರು. ಬೇರೆ ಮನೆಗಳಿಗೆ ಮಕ್ಕಳನ್ನು ಬಾಗಿಲಲ್ಲಿ ಬಿಟ್ಟು ಹೋಗುವ ತಾಯಂದಿರು ಅವತ್ತು ಒಳಗೆ ಬಂದು ಕೂತರು. ಕೂಲರಿನ ಎದುರು ಅಂಡರ್ ಸೆಕ್ರೆಟರಿಯ ಹೆಂಡತಿ, ಪಕ್ಕದಲ್ಲಿ ಹೋಟೆಲಿನವರ ಸೊಸೆ, ಇನ್ನಿಬ್ಬರು ದೀವಾನದ ಮೇಲೆ. ನಾನು ಮಜ್ಜಿಗೆ, ಕೋಡುಬಳೆ ತಂದಿಟ್ಟೆ. ಉಳಿದವರು ತೆಗೆದುಕೊಂಡರು. ಅಂಡರ್ ಸೆಕ್ರೆಟರಿಯ ಹೆಂಡತಿ ಮಾತ್ರ ಲೋಟವನ್ನು ಬೆರಳ ತುದಿಯಿಂದ ಆಚೆ ಸರಿಸಿ, "ಈಗ ತಾನೇ ಕುಡಿದು ಬಂದೆ ಕಣ್ರೀ" ಅಂದಳು. ಬೇಡವಾದರೆ ಬಿಡು, ಕುಡಿಯಲೇಬೇಕೆಂದು ಹರಕೆಯೇನೂ ಹೊತ್ತಿರಲಿಲ್ಲ ನಾನು.

ಬಾಲ್ಕನಿಯಲ್ಲಿ ಹಳೇ ಪೇಪರು ಹಾಸಿ ಪರಾತ ಇಟ್ಟಿದ್ದೆ. ಆರೇಳು ಮಕ್ಕಳು ಸುತ್ತ ಕೂತವು. ನನ್ನ ಮಗಳು ನಡುವೆ ಕೂತು ತಾನೇ ಎಲ್ಲರಿಗೂ ಹೇಗೆ ಮಾಡಬೇಕೆಂದು ಹೇಳಿಕೊಡುತ್ತಿದ್ದಳು. ಯಾರೂ ಕೈ ಹಾಕಲಿಲ್ಲ. ಅಂಡರ್ ಸೆಕ್ರೆಟರಿಯ ಮಗಳು ತಿರುಗಿ ತಾಯಿಯ ಮುಖ ನೋಡಿದಳು. ತಾಯಿ ಬ್ಯಾಗಿನಿಂದ ತೆಳ್ಳನೆಯ ಪ್ಲಾಸ್ಟಿಕ್ ಕೈಗವಸು ತೆಗೆದಳು. ತಲೆಗೆ ಬಣ್ಣ ಹಚ್ಚುವ ಪೊಟ್ಟಣದ ಜೊತೆ ಬರುತ್ತದಲ್ಲ, ಅದು. "ಉಗುರಲ್ಲೆಲ್ಲ ಸೇರ್ಕೊಳ್ಳತ್ತೆ ಅಂತ ಅಷ್ಟೇ" ಅಂತ ನನಗೆ ಕೇಳುವ ಹಾಗೆ ಹೇಳಿ ಮಗುವಿಗೆ ತೊಡಿಸಿದಳು. ನನ್ನ ಮಗಳು ಅದನ್ನು ನೋಡಿದಳು. ಹೇಳಿಕೊಡುತ್ತಿದ್ದವಳ ಮಾತು ನಿಂತುಹೋಯಿತು. ಆ ಹೊತ್ತಿನಲ್ಲಿ ನನ್ನ ಕೈಗೆ ಆ ಹೆಂಗಸಿನ ಜುಟ್ಟು ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ.

ಮಕ್ಕಳೇ ಕಾಪಾಡಿದರು. ಹೋಟೆಲಿನವರ ಅವಳಿ ಗಂಡುಮಕ್ಕಳಿಗೆ ಯಾವುದರ ಗೊಡವೆಯೂ ಇಲ್ಲ. "ಕಿತ್ನಾ ಚಿಪ್‌ಚಿಪಾ ಹೈ ಯಾರ್" ಅಂತ ಕಿರುಚಿ ಎರಡೂ ಕೈ ಮುಳುಗಿಸಿದರು. ಎಷ್ಟು ಅಂಟಂಟು ಅಂತ ಅವರಿಗೆ ಸಂಭ್ರಮ. ಅವರು ಹಾಕಿದ ಮೇಲೆ ಉಳಿದವೂ ಹಾಕಿದವು. ಕೈಗವಸು ತೊಟ್ಟವಳಿಗೆ ಹಿಡಿದದ್ದೆಲ್ಲ ಜಾರತೊಡಗಿತು. ಎರಡು ಸಲ ನೋಡಿದಳು, ಮೂರನೇ ಸಲಕ್ಕೆ ಹಲ್ಲಿನಿಂದ ಅದನ್ನು ಎಳೆದು ಬಿಸಾಡಿ ಬರಿಗೈ ಹಾಕಿದಳು. ತಾಯಿ ಫೋನಿನಲ್ಲಿದ್ದಳು, ನೋಡಲಿಲ್ಲ. ಅಲ್ಲಿಂದ ಒಂದು ಅರ್ಧ ಗಂಟೆ ಆ ಬಾಲ್ಕನಿಯಲ್ಲಿ ಯಾರ ಕೈ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಹಳೆಯ ಗೆಳತಿಯರಿಬ್ಬರೂ ಒಂದೇ ಎಳೆಯನ್ನು ಎರಡು ಕಡೆಯಿಂದ ಹಿಡಿದು ಹಿಂದೆ ಹಿಂದೆ ಹೋಗಿ, ಅದು ಜೋತುಬಿದ್ದಾಗ ನಗುತ್ತಿದ್ದರು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತು. ಗೆದ್ದೆ ಅಂದುಕೊಂಡೆ.

ಎಣ್ಣೆ ಹಾಕಿದ್ದೆನಲ್ಲ, ಬರೀ ನೀರಿಗೆ ಹೋಗುವುದಿಲ್ಲ. ಹ್ಯಾಂಡ್‌ವಾಶ್ ಬಾಟಲಿ ಇಷ್ಟು ಕೈಗೆ ಸಾಲದು ಅಂತ ಬಾಲ್ಕನಿಯ ನಲ್ಲಿಯ ಹತ್ತಿರ ಬಟ್ಟೆ ಒಗೆಯುವ ನೀಲಿ ಸೋಪು ಇಟ್ಟಿದ್ದೆ. ಮಕ್ಕಳು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಉಜ್ಜಿಕೊಂಡರು. ಮೊದಲು ನೊರೆ ಕೆಂಪಾಯಿತು. ನೊರೆ ಹೋದ ಮೇಲೆ ಕೈ ಕೆಂಪಾಯಿತು. ಒಂದೇ ಸಮ ಕೆಂಪಲ್ಲ. ಗೆಣ್ಣುಗಳ ಮೇಲೆ, ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಅಲ್ಲಲ್ಲಿ ಕೆಂಪು ಮಚ್ಚೆ ಮಚ್ಚೆ.

ನನ್ನ ಮಗಳು ತನ್ನ ಕೈ ನೋಡಿಕೊಂಡು, ಗೆಳತಿಯ ಕೈ ನೋಡಿ, ತನ್ನದನ್ನು ಅವಳದರ ಪಕ್ಕ ಹಿಡಿದಳು. "ದೇಖ್, ಸೇಮ್ ಸೇಮ್" ಅಂದಳು. ಆ ಹುಡುಗಿ ಕೈ ಹಿಂದಕ್ಕೆಳೆದುಕೊಂಡು, "ಮಮ್ಮೀ" ಅಂತ ಊರಿಗೆಲ್ಲ ಕೇಳುವ ಹಾಗೆ ಅಳತೊಡಗಿದಳು.

ತಾಯಂದಿರು ಓಡಿಬಂದರು. ಎಲ್ಲರ ಮಕ್ಕಳ ಕೈಯಲ್ಲೂ ಅದೇ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾಗದೆ ಏನು? ಆರತಿ ತಟ್ಟೆಯ ಓಕುಳಿ ನೀರಿಗೆ ನಾವು ಅರಿಶಿನಕ್ಕೆ ಸುಣ್ಣ ಹಾಕಿಯೇ ಕೆಂಪು ಮಾಡುವುದು. ಅರಿಶಿನಕ್ಕೆ ಸುಣ್ಣ ಮಾಡುವುದನ್ನು ಬಟ್ಟೆ ಸೋಪೂ ಮಾಡುತ್ತದೆ. ಅಲ್ಲಿ ನಿಂತಿದ್ದ ಎಲ್ಲರಿಗೂ ಇದು ಗೊತ್ತು, ಒಬ್ಬೊಬ್ಬಳೂ ನೂರು ಸಲ ಓಕುಳಿ ಕದಡಿದವಳೇ. ಆದರೆ ಅವತ್ತು ಒಬ್ಬಳ ತಲೆಗೂ ಅದು ಹೊಳೆಯಲಿಲ್ಲ. ಅವರ ತಲೆಯಲ್ಲಿ ಬೇರೊಂದು ಮೊದಲೇ ಕೂತಿತ್ತು.

"ಏನಿದು, ಏನಾಯ್ತಿದು?" ಅಂತ ಅಂಡರ್ ಸೆಕ್ರೆಟರಿಯ ಹೆಂಡತಿ ಮಗುವಿನ ಕೈ ಹಿಡಿದು ಅದೇ ಸೋಪಿನಿಂದ ಉಜ್ಜಿದಳು. ಉಜ್ಜಿದಷ್ಟೂ ಕೆಂಪು ಏರಿತು. ಅವಳ ಮುಖ ಬಿಳುಚಿಕೊಂಡಿತು. ನಾನು ಹೇಳಬಹುದಿತ್ತು. ಹೇಳಲಿಲ್ಲ. ಬಾಗಿಲಿಗೆ ಒರಗಿ ನಿಂತು ನೋಡಿದೆ. ಅಷ್ಟು ತಿಂಗಳು ನಾನು ತಿಂದದ್ದನ್ನು ಅವಳೂ ಒಂದು ತುತ್ತು ತಿನ್ನಲಿ ಅನ್ನಿಸಿತು. ಹೆದರಲಿ. ಚೆನ್ನಾಗಿ ಹೆದರಲಿ. ನನಗೆ ಆ ಗಳಿಗೆಯಲ್ಲಿ ಎಷ್ಟು ಖುಷಿಯಾಯಿತು ಅಂದರೆ, ಹೊಟ್ಟೆ ತಣ್ಣಗಾಯಿತು.

"ಅವಳ ಕೈ ಮುಟ್ಟಿದ್ಯಾ? ನಿಜ ಹೇಳು, ಮುಟ್ಟಿದ್ಯಾ?" ಅಂತ ಅವಳು ಮಗುವಿನ ಕೆನ್ನೆಗೆ ಬಿಟ್ಟಳು. "ಗ್ಲೌಸ್ ಯಾಕೆ ಬಿಚ್ಚಿದೆ?"

"ನಹೀ ಮಮ್ಮಾ, ನಾನು ಅವಳನ್ನ ಟಚ್ ಮಾಡಿಲ್ಲ. ಪ್ರಾಮಿಸ್. ಉಸೀನೇ ಮುಝೇ ಛುವಾ" ಅಂತ ಆ ಹುಡುಗಿ ಬಿಕ್ಕಿದಳು. ಅವಳೇ ನನ್ನನ್ನು ಮುಟ್ಟಿದ್ದು, ನಾನಲ್ಲ ಅಂತ.

ನನ್ನ ಮಗಳು ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದಳು.

ಹೋಟೆಲಿನವರ ಸೊಸೆ ಅವಳಿಗಳನ್ನು ಎರಡು ಕಂಕುಳಲ್ಲೂ ಒತ್ತಿಕೊಂಡು, "ಈಗಲೇ ಡಾಕ್ಟರ್ ಹತ್ರ ಹೋಗುವ, ಆಟೋ ಸಿಗ್ತದಾ?" ಅಂತ ಕೇಳತೊಡಗಿದಳು. ಅಂಡರ್ ಸೆಕ್ರೆಟರಿಯ ಹೆಂಡತಿ ನನ್ನ ಕಡೆ ತಿರುಗಿದಳು. "ಅಂಟಲ್ಲ, ಅಂಟಲ್ಲ ಅಂತ ಹೇಳ್ಕೊಂಡು ತಿರುಗಿದ್ರಲ್ಲ. ನಾನು ಆವತ್ತೇ ನಮ್ಮನೆಯವರಿಗೆ ಹೇಳಿದ್ದೆ, ಡಾಕ್ಟರುಗಳು ಹಾಗೇ ಹೇಳೋದು ಅಂತ. ಬೇರೆ ಬೇರೆ ಬೋಲ್ ಇಡಿ ಅಂದ್ರೂ ಇಡಲಿಲ್ಲ ನೀವು. ಗೊತ್ತಿದ್ದೂ ಗೊತ್ತಿದ್ದೂ ಎಲ್ಲಾ ಮಕ್ಕಳ ಕೈನೂ ಒಂದರಲ್ಲೇ ಹಾಕಿಸಿದ್ರಿ. ನಿಮ್ಮ ಮಗೂಗೆ ಬಂದಿದ್ದು ಎಲ್ಲರಿಗೂ ಬರಲಿ ಅಂತ ತಾನೇ? ಹೊಟ್ಟೆಕಿಚ್ಚು ಕಣ್ರೀ ನಿಮಗೆ. ನಮ್ಮ ಮಕ್ಕಳ ಕೈ ನೆಟ್ಟಗಿದೆಯಲ್ಲ ಅಂತ ಹೊಟ್ಟೆಕಿಚ್ಚು."

ಅಷ್ಟಾದ ಮೇಲೆ ನನ್ನ ಖುಷಿ ಎಲ್ಲಿ ಹೋಯಿತೋ. ಮೈಯೆಲ್ಲ ಉರಿದುಹೋಯಿತು. ಅಡುಗೆಮನೆಗೆ ಹೋಗಿ ಅರಿಶಿನದ ಡಬ್ಬಿ, ನಿಂಬೆಹಣ್ಣು, ಚಾಕು ತಂದೆ. ಅವಳ ಮೂಗಿನ ನೇರಕ್ಕೆ ನನ್ನ ಅಂಗೈ ಹಿಡಿದು, ಅರಿಶಿನ ಬಳಿದು, ಒದ್ದೆ ಸೋಪು ತಿಕ್ಕಿದೆ. ಕೆಂಪಾಯಿತು. "ನೋಡಿ. ನನಗೂ ಬಂತು" ಅಂದೆ. ಆಮೇಲೆ ನಿಂಬೆಹಣ್ಣು ಕೊಯ್ದು ಅದೇ ಅಂಗೈ ಮೇಲೆ ಹಿಂಡಿದೆ. ಹಿಂಡಿದ ಕಡೆಯೆಲ್ಲ ಕೆಂಪು ಹೋಗಿ ಹಳದಿಯಾಯಿತು. "ಆರತಿಗೆ ಓಕುಳಿ ಕದಡೋದು ಹೇಗೆ ಅಂತ ನಿಮ್ಮಮ್ಮ ಹೇಳಿಕೊಟ್ಟಿದ್ದಾರೆ ತಾನೇ? ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಏನಾಗತ್ತೆ? ಅಥವಾ ನಿಮ್ಮ ಮನೇಲಿ ಅದಕ್ಕೂ ಆಳಿದಾರಾ?"

ನಾನು ಒಂದೊಂದೇ ಮಗುವನ್ನು ರಟ್ಟೆ ಹಿಡಿದು ನಲ್ಲಿಯ ಹತ್ತಿರ ನಿಲ್ಲಿಸಿ ಕೈ ಮೇಲೆ ನಿಂಬೆರಸ ಹಿಂಡಿ ಉಜ್ಜಿದೆ. ಅವಳಿಗಳದು ಹೋಯಿತು, ಅಂಡರ್ ಸೆಕ್ರೆಟರಿಯ ಮಗಳದು ಹೋಯಿತು, ಎಲ್ಲರದೂ ಹೋಯಿತು. ಕೊನೆಗೆ ನನ್ನ ಮಗಳನ್ನು ಎಳೆದುಕೊಂಡೆ. ಅವಳು ಕೈ ಮುಷ್ಟಿ ಕಟ್ಟಿದ್ದಳು. ಬಿಡಿಸಿ, ಹಿಂಡಿ, ಉಜ್ಜಿ, ನೀರು ಹಾಕಿದೆ. ಕೆಂಪು ಹೋಗಿ, ಹಳದಿಯೂ ಮುಕ್ಕಾಲು ಹೋಗಿ, ಕೆಳಗಿನ ಬಿಳಿ ಮತ್ತೆ ಎದ್ದು ಕಾಣಿಸಿತು.

"ಅಯ್ಯೋ, ಇಷ್ಟೇನಾ" ಅಂತ ಹೋಟೆಲಿನವರ ಸೊಸೆ ಮೊದಲು ನಕ್ಕಳು. "ಎಂತ ಹೆದರಿಸಿಬಿಟ್ರಿ ಮಾರಾಯ್ರೆ." ಅವಳ ಹಿಂದೆ ಎಲ್ಲರೂ ನಕ್ಕರು. ಇದ್ದಕ್ಕಿದ್ದಂತೆ ಎಲ್ಲರಿಗೂ ಓಕುಳಿಯ ನೆನಪು ಬಂತು. ಯಾರದೋ ಸೀಮಂತದಲ್ಲಿ ಸುಣ್ಣ ಜಾಸ್ತಿಯಾಗಿ ಹೀಗೇ ಕೈ ಕೆಂಪಾಗಿತ್ತಂತೆ, ಯಾರದೋ ಮದುವೆಯ ಸೀರೆಗೆ ಚೆಲ್ಲಿತ್ತಂತೆ. ಕೋಡುಬಳೆ ಖಾಲಿಯಾಯಿತು. ಅಂಡರ್ ಸೆಕ್ರೆಟರಿಯ ಹೆಂಡತಿ ಕೂಡ ನಕ್ಕಳು. ತಪ್ಪಾಯಿತು ಅನ್ನಲಿಲ್ಲ. ಅನ್ನುತ್ತಾಳೆ ಅಂತ ನಾನು ಕಾಯಲೂ ಇಲ್ಲ. ನಾನು ಕಾದದ್ದು ಬೇರೆಯದಕ್ಕೆ. ಮಾರನೆಯ ದಿನ ಮತ್ತೆ ಅವಳ ಮನೆಯ ಸರದಿ.

ಹೊರಡುವಾಗ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಾ ಅವಳು ಮಕ್ಕಳನ್ನು ಕರೆದಳು. ಒಂದೊಂದೇ ಮಗುವಿನ ಹೆಸರು ಹಿಡಿದು, ಗಲ್ಲ ಸವರಿ, "ನಾಳೆ ನಮ್ಮನೆಗೆ ಬರಬೇಕು ಆಯ್ತಾ, ಪಿಜ್ಜಾ ಮಾಡ್ತೀನಿ" ಅಂದಳು. ನನ್ನ ಮಗಳು ಸಾಲಿನ ಕೊನೆಯಲ್ಲಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಗಲ್ಲ ಎತ್ತಿಕೊಂಡೇ ನಿಂತಿದ್ದಳು. ಆ ಕೈ ಅವಳ ಪಕ್ಕದ ಮಗುವಿನವರೆಗೆ ಬಂದು ಅಲ್ಲೇ ತಿರುಗಿತು. ನನ್ನ ನೋಟ ನೋಡಿ ಅವಳಿಗೆ ಏನಾದರೂ ಹೇಳಬೇಕಾಯಿತು.

"ಇವಳಿಗೆ ಬಿಸಿಲು ಆಗಬಾರದಲ್ವಾ ಪಾಪ. ಡಾಕ್ಟರು ಹೇಳಿರ್ತಾರೆ."

"ನಿಮ್ಮನೆ ಎದುರಿಗೇ ಇದೆ" ಅಂದೆ.

"ಆದ್ರೂ" ಅಂದಳು.

ಅಷ್ಟೇ. ಆದರೂ. ಕಣ್ಣಾರೆ ನೋಡಿಯಾಯಿತು, ಅಂಟುವುದಿಲ್ಲ ಅಂತ ಅವರದೇ ಮಕ್ಕಳ ಕೈ ಹೇಳಿಯಾಯಿತು. ಇನ್ನೇನು ತೋರಿಸಲಿ? ಹೋಟೆಲಿನವರ ಸೊಸೆ ನೆಲ ನೋಡುತ್ತಾ ಅವಳಿಗಳನ್ನು ಮೆಟ್ಟಿಲಿಳಿಸಿದಳು. ಮಕ್ಕಳು ಪಿಜ್ಜಾ ಪಿಜ್ಜಾ ಅಂತ ಕೂಗುತ್ತಾ ಇಳಿದುಹೋದವು.

ನಾನು ಬಾಗಿಲು ದಡಾರನೆ ಹಾಕಿದೆ. ಪರಾತ ತಂದು ಸಿಂಕಿಗೆ ಎಸೆದೆ. ಅವಳ ವಂಶವನ್ನೆಲ್ಲ ಜಾಲಾಡುತ್ತಾ, ಕುಡಿಯದೆ ಬಿಟ್ಟ ಮಜ್ಜಿಗೆ ಲೋಟವನ್ನು ಮೂರು ಸಲ ತಿಕ್ಕಿದೆ. ಹಾಳಾಗಿಹೋಗಲಿ, ಮುಂಡೇವು, ಇನ್ನು ಈ ಮನೆಯ ಹೊಸಿಲು ತುಳಿಯಲಿ ನೋಡೋಣ ಅಂತ ಗಟ್ಟಿಯಾಗಿಯೇ ಬೈದುಕೊಂಡೆ. ಬೈದು ಸುಸ್ತಾದ ಮೇಲೆ ಬಾಲ್ಕನಿಯಲ್ಲಿ ನಲ್ಲಿ ಸುರಿಯುತ್ತಿರುವುದು ಕೇಳಿಸಿತು.

ಮಗಳು ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಅರಿಶಿನದ ಡಬ್ಬಿ ಪಕ್ಕದಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು. ನೀಲಿ ಸೋಪನ್ನು ಎರಡೂ ಕೈಯಲ್ಲಿ ಹಿಡಿದು ಗೆಣ್ಣುಗಳ ಮೇಲೆ ಉಜ್ಜುತ್ತಿದ್ದಳು. ಕೈ ಮತ್ತೆ ಕೆಂಪಾಗಿತ್ತು.

"ಏನ್ ಮಾಡ್ತಿದೀಯ? ಉರಿಯುತ್ತೆ, ಬಿಡು" ಅಂದೆ.

ಅವಳು ತಲೆ ಎತ್ತಲಿಲ್ಲ. "ನೀನು ಯಾಕೆ ಹೇಳ್ದೆ?"

"ಏನನ್ನ?"

"ಅರಿಶಿನ ಅಂತ. ನಿಂಬೆಹಣ್ಣು ಯಾಕೆ ತಂದೆ?" ಉಜ್ಜುವುದನ್ನು ನಿಲ್ಲಿಸದೆಯೇ ಕೇಳಿದಳು. "ಸಬ್ ಕೋ ಹೋ ಗಯಾ ಥಾ, ಅಮ್ಮ. ಎಲ್ಲರಿಗೂ ಆಗಿತ್ತು."

ನಾನು ಬಗ್ಗಿ ಸೋಪು ಕಿತ್ತುಕೊಳ್ಳಲು ನೋಡಿದೆ. ಅವಳು ಬಿಡಲಿಲ್ಲ.